ಡಯೋಜಿನಿಸನಿಗೆ ಅಪ್ಪನ ಮುಖ

ನಮ್ಮ ಕೊಟ್ಟೂರಿನ ಶಾಲೆಯ ಕಾರ್ಯದರ್ಶಿ ವೀರಭದ್ರಯ್ಯನವರು ಯೂರೋಪು ಸುತ್ತಿ ಬಂದ ಮೇಲೆ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಫೋನಿನ ತುಂಬ ಅಲ್ಲಿನ ಮ್ಯೂಸಿಯಮ್ಮುಗಳ ಚಿತ್ರಗಳು. ಗ್ರೀಕ್ ತತ್ವಜ್ಞಾನಿ ಡಯೋಜಿನಿಸ್ ಒಂದರಲ್ಲಿ ಕಾಳು ತುಂಬುವಂಥ ದೊಡ್ಡ ಮಣ್ಣಿನ ವಾಡೆಯೊಳಗೆ ಅರೆಬೆತ್ತಲೆ ಕೂತಿದ್ದಾನೆ, ಸುತ್ತ ನಾಯಿಗಳು. ಇನ್ನೊಂದರಲ್ಲಿ ಹಾಡಹಗಲೇ ಕಂದೀಲು ಹಿಡಿದು ಮನುಷ್ಯನನ್ನು ಹುಡುಕುತ್ತಿದ್ದಾನೆ. ಜನ ನಾಯಿ ಎಂದು ಕರೆದರೂ ಲೆಕ್ಕಿಸದ ಮಹಾತ್ಮ ಎಂದು ದಿನಾ ಸ್ಟಾಫ್ ರೂಮಿಗೆ ಬಂದು ತಲೆ ಕೊರೆದರು. ಕೊನೆಗೆ ಗ್ರಂಥಾಲಯದ ಗೋಡೆಯ ಮೇಲೆ ಅವನನ್ನು ಬರೆಯುವ ಕೆಲಸ ನನಗೇ ಬಂತು. ನಾನು ಶಿವಲೀಲಾ, ಅಲ್ಲಿನ ಡ್ರಾಯಿಂಗ್ ಟೀಚರ್. ಚಿತ್ರ ಚೆನ್ನಾಗಿ ಬಂದರೆ ನೌಕರಿ ಖಾಯಂ ಎಂದರು.

ಆ ಫೋಟೊಗಳಲ್ಲಿ ಒಬ್ಬೊಬ್ಬ ಡಯೋಜಿನಿಸನದು ಒಂದೊಂದು ಮೂತಿ. ಬರೆದವರಾರೂ ಅವನನ್ನು ಕಂಡವರಲ್ಲ. ತಮ್ಮ ಓಣಿಯ ಮುದುಕರನ್ನೇ ಕೂರಿಸಿ ಬರೆದಿರಬೇಕು. ನಾನೂ ನನ್ನಪ್ಪ ದೊಡ್ಡಬೀರಪ್ಪನನ್ನು ಕೂರಿಸಿದೆ. ಅಪ್ಪ ಗೊರವಯ್ಯ, ಮೈಲಾರಪ್ಪನ ದೀಕ್ಷೆ ಪಡೆದವನು. ಮೈಲಾರದಲ್ಲಿ ಕರಿಕಂಬಳಿ ಹೊದ್ದು, ದೇವರ ನಾಯಿಯಾಗಿ ಬೊಗಳಿ, ನೆಲಕ್ಕಿಟ್ಟ ಬಟ್ಟಲಿಗೆ ಬಾಯಿ ಹಚ್ಚಿ ಹಾಲು ಬಾಳೆಹಣ್ಣು ತಿನ್ನುವವನು. ಇವನಿಗಿಂತ ಸರಿಯಾದ ಡಯೋಜಿನಿಸ್ ನನಗೆಲ್ಲಿ ಸಿಗಬೇಕು?

ಉದ್ಘಾಟನೆಯ ದಿನ ಪರದೆ ಸರಿದದ್ದೇ ತಡ, ಕುರಿ ಸಾಕುವ ಮನೆಗಳ ತಾಯಂದಿರು ಗೊರವಯ್ಯನ ಗುರುತು ಹಿಡಿದು, ಚಪ್ಪಲಿ ಬಿಟ್ಟು ಕೈಮುಗಿದರು. ಅವರಲ್ಲೊಬ್ಬಳು, ಹುಲುಗಮ್ಮ, ಸೆರಗಿನ ಗಂಟು ಬಿಚ್ಚಿ ಮೈಲಾರದ ಅರಿಶಿನವನ್ನೇ ಗೋಡೆಗೆ ಎರಚಿದಳು. ಕಾರ್ಯದರ್ಶಿಗಳ ಮುಖ ಹುಳ್ಳಗಾಯಿತು. ಇದು ಯಾರ ಮುಖ ಎಂದು ಕೇಳಿದರು. ಬಾಗಿಲ ಬಳಿ ನಿಂತಿದ್ದ ಅಪ್ಪನನ್ನು ತೋರಿಸಿದೆ. ಅವನ ಕಿವಿಗೆ ಬೀಳುವಂತೆಯೇ ಅಂದರು:

"ನಾಯಿಯಂಗ ನೆಲದಾಗ ತಿನ್ನೋನ್ನ ನಮ್ಮ ಸಾಲಿ ಗ್ವಾಡಿ ಮ್ಯಾಲ ಕುಂದ್ರಿಸಿಯಲ್ಲಮ್ಮ, ಮರ್ಯಾದಿ ಐತೇನು? ಸಂಜಿ ಒಳಗ ಫಾರಿನ್ನರ ಮುಖ ಬರಿ."

ಗ್ರೀಕಿನವನು ನಾಯಿಯಾದರೆ ಜ್ಞಾನ, ನನ್ನಪ್ಪನಾದರೆ ಹೇಸಿಗೆ. ಥೂ, ಇಂಥವರಿಗೆ ವಿಮಾನ ಬೇರೆ ಕೇಡು. ನೌಕರಿ ಹಾಳಾಗಿ ಹೋಗಲಿ, ಅಪ್ಪನ ಮುಖಕ್ಕೆ ಬ್ರಷ್ ತಾಗಿಸಲಾರೆ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಬಂದು ನನ್ನ ಕೈ ಹಿಡಿದ.

"ಅಳಿಸಿಬಿಡವ್ವ. ನಾ ಮೈಲಾರಪ್ಪನ ನಾಯಿ. ಇವನ ಗ್ವಾಡಿ ಕಾಯಾಕ ನಾ ಯಾಕ ಕುಂದ್ರಲಿ?"

ಬಿಳಿ ಬಣ್ಣ ತಂದು ಗೋಡೆ ಪೂರ್ತಿ ಬಳಿದೆ. ಹೇಳಿದ ಮಾತು ಕೇಳಿ ಹೊಸ ಮುಖಕ್ಕೆ ಜಾಗ ಮಾಡಿದೆನೆಂದು ಕಾರ್ಯದರ್ಶಿಗಳು ಹಿಗ್ಗಿ, ಸೋಮವಾರ ಬಂದು ಖಾಯಂ ಆದೇಶ ತೆಗೆದುಕೊಂಡು ಹೋಗು ಎಂದರು. ಬಣ್ಣ ಸೋರುತ್ತಿದ್ದ ಬ್ರಷ್ಷನ್ನು ಅವರ ಕೈಗೇ ಕೊಟ್ಟು, ಅಪ್ಪನ ಜೊತೆ ಬಸ್ ಸ್ಟ್ಯಾಂಡಿಗೆ ನಡೆದೆ.