ಪಟ್ಟಿಯಿಂದ ಇಳಿಯದ ಹೆಸರು

ರೋಗಿಗಳ ವಿಷಯದಲ್ಲಿ ಹಲ್ಫೋನ್ ಅರ್ಬಿಬ್ ಬಹಳ ಕಟ್ಟುನಿಟ್ಟು. ನೆತನ್ಯಾದಲ್ಲಿರುವ, ಟ್ರಿಪೊಲಿಯಿಂದ ಬಂದ ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗಿಗೆ ಹತ್ತೊಂಬತ್ತು ವರ್ಷದಿಂದ ಅವನೇ ಪಾರುಪತ್ಯಗಾರ. ಸೋಮವಾರ, ಗುರುವಾರ, ಶನಿವಾರ ಧರ್ಮಗ್ರಂಥ ತೋರಾ ಓದುವ ನಡುವೆ ಕಾಯಿಲೆ ಬಿದ್ದವರ ಹೆಸರು ಹೇಳಿ ಅವರಿಗೆ ಪೂರ್ಣ ಗುಣವಾಗಲಿ ಎಂದು ಬೇಡುತ್ತಾರಲ್ಲ, ಆ ಪಟ್ಟಿ ಇರುವುದು ಅವನ ಕೈಯಲ್ಲಿ. ಹೆಸರು ಸೇರಿಸಲು ಜನ ಓಡೋಡಿ ಬರುತ್ತಾರೆ, ತೆಗೆಸಲು ಒಬ್ಬನಾದರೂ ಬಂದದ್ದಿಲ್ಲ ಎಂಬುದು ಅವನ ಹಳೆಯ ದೂರು. ಅವನು ಅಧಿಕಾರ ವಹಿಸಿಕೊಂಡಾಗ ಪಟ್ಟಿ ಓದಿ ಮುಗಿಸಲು ಹದಿನಾಲ್ಕು ನಿಮಿಷ ಹಿಡಿಯುತ್ತಿತ್ತು. ವಿಚಾರಿಸಿ ನೋಡಿದರೆ ಅದರಲ್ಲಿ ಮೂವರು ತೀರಿಕೊಂಡು ವರ್ಷವಾಗಿತ್ತು, ಇನ್ನೊಬ್ಬ ಗುಣವಾಗಿ ಮದುವೆಯೂ ಆಗಿ ಕೆನಡಾದಲ್ಲಿ ಹಾಯಾಗಿದ್ದ.

ಅಂದಿನಿಂದ ಅವನು ತಿಂಗಳಿಗೊಮ್ಮೆ, ಅಮಾವಾಸ್ಯೆ ಹತ್ತಿರ ಬಂದಾಗ, ಒಂದೊಂದೇ ಮನೆಗೆ ಫೋನು ಮಾಡುತ್ತಾನೆ. "ನಾನು ಹಲ್ಫೋನ್. ಹೇಗಿದ್ದಾರೆ? ಇಡಲಾ, ತೆಗೀಲಾ?" ಅಷ್ಟೇ ಪ್ರಶ್ನೆ. ಜನ ಬೈದುಕೊಳ್ಳುತ್ತಾರೆ. ಬೈದುಕೊಳ್ಳಲಿ, ಪಟ್ಟಿ ಈಗ ನಾಲ್ಕು ನಿಮಿಷಕ್ಕೆ ಇಳಿದಿದೆ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು ಅವನು. ತಂತಿ ಸರಿಯಾಗಿ ಎಳೆಯುವುದು ತನ್ನ ಕೆಲಸ, ಕರೆಂಟು ಬಿಡುವುದು ಬಿಡದಿರುವುದು ಮೇಲಿನವನ ಕೆಲಸ ಎಂದು ನಂಬಿದವನು. ದೇವರ ಜೊತೆ ಅವನಿಗೆ ಇದಕ್ಕಿಂತ ಹೆಚ್ಚಿನ ಸಲಿಗೆ ಇರಲಿಲ್ಲ.

ಹೋದ ವರ್ಷ ಪೂರಿಮ್ ಹಬ್ಬ ಕಳೆದ ವಾರ ಅವನ ಮೊಮ್ಮಗಳು ರೋತೆಮ್ ಶಾಲೆ ಮುಂದೆ ರಸ್ತೆ ದಾಟುವಾಗ ತರಕಾರಿ ವ್ಯಾನೊಂದು ಹಿಂದಕ್ಕೆ ಬಂದು ಅವಳನ್ನು ಕೆಡವಿತು. ತಲೆಗೆ ಪೆಟ್ಟು, ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು, ಎಡಗಾಲು ನೋಡುವ ಹಾಗಿರಲಿಲ್ಲ. ಹತ್ತೊಂಬತ್ತು ದಿನ ಕಣ್ಣು ಬಿಡಲಿಲ್ಲ. ನೂರೈವತ್ತು ಕೀರ್ತನೆಗಳನ್ನು ಸಿನಗಾಗಿನವರೆಲ್ಲ ಹಂಚಿಕೊಂಡು ದಿನಕ್ಕೊಂದು ಸುತ್ತು ಮುಗಿಸಿದರು. ಮೀನಿನ ಅಂಗಡಿಯ ಸಾಸಿ ತನ್ನ ಪಾಲಿನ ಏಳು ಕೀರ್ತನೆಗಳನ್ನು ಮೀನು ಹೆರೆಯುತ್ತಲೇ ಬಾಯಿಪಾಠ ಒಪ್ಪಿಸುತ್ತಿದ್ದ. "ಲೆವಾನಾಳ ಮಗಳು ರೋತೆಮ್" ಎಂಬ ಹೆಸರು ಪಟ್ಟಿಗೆ ಸೇರಿತು. ರೋಗಿಯನ್ನು ತಾಯಿಯ ಹೆಸರಿನಿಂದಲೇ ಕರೆಯಬೇಕು. ಹಾಗಾಗಿ ಹಲ್ಫೋನ್ ಪ್ರತಿ ಸಲವೂ ಒಂದೇ ಉಸಿರಿನಲ್ಲಿ ಮಗಳನ್ನೂ ಮೊಮ್ಮಗಳನ್ನೂ ಹೇಳುತ್ತಿದ್ದ.

ನಾಲ್ಕನೆಯ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಲೆವಾನಾ ಗೋಡೆಯ ಮೇಲೆ ಕೈಯಿಟ್ಟು, ಅಪ್ಪನ ಎದುರಿಗೇ ಹರಕೆ ಹೊತ್ತಳು. ರೋತೆಮ್ ಮೊದಲಿನ ಹಾಗೆ ನಡೆಯುವವರೆಗೆ ಅವಳ ಹೆಸರು ಪಟ್ಟಿಯಿಂದ ಇಳಿಯಬಾರದು, ತನ್ನ ಮನೆಯಲ್ಲಿ ಔತಣ ಅನ್ನುವುದು ನಡೆಯಬಾರದು. ಬಾಯಿಂದ ಬಿದ್ದ ಮಾತು ಹರಕೆಯಾಗಿ ಕೊರಳಿಗೆ ಸುತ್ತಿಕೊಳ್ಳುತ್ತದೆಂದು ಅವರ ಪೈಕಿ ಎಲ್ಲರೂ ಮಾತಿನ ಕೊನೆಗೆ "ಹರಕೆಯಲ್ಲ" ಎಂದು ಸೇರಿಸುವುದುಂಟು. ಪಕ್ಕದ ಮನೆಯಿಂದ ತಂದ ಜರಡಿ ನಾಳೆ ಕೊಡುತ್ತೇನೆ ಎನ್ನುವಾಗಲೂ ಲೆವಾನಾ "ಹರಕೆಯಲ್ಲ" ಎನ್ನುವವಳು. ಅವತ್ತು ಮಾತ್ರ ಅನ್ನಲಿಲ್ಲ.

ಇಪ್ಪತ್ತನೆಯ ದಿನ ರೋತೆಮ್ ಕಣ್ಣು ಬಿಟ್ಟು, ತನ್ನ ಹೊಸ ಬೂಟು ಎಲ್ಲಿ ಎಂದು ಕೇಳಿದಳು. ಆಮೇಲಿನದು ನಿಧಾನದ ಕೆಲಸ. ಚಮಚ ಹಿಡಿಯುವುದು, ಕೂರುವುದು, ಕಂಬಿ ಹಿಡಿದು ನಿಲ್ಲುವುದು, ಕೋಲು, ಕೋಲಿಲ್ಲದೆ. ಎಂಟು ತಿಂಗಳ ಮೇಲೆ ಶಾಲೆಗೆ ಹೋದಳು. ಎಡಗಾಲು ಕುಂಟುತ್ತದೆ, ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಇನ್ನು ಇಷ್ಟೇ, ಇದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ ಎಂದು ಡಾಕ್ಟರು ಹೇಳಿ ಚಳಿಗಾಲವೂ ಕಳೆಯಿತು. ಅವಳ ಹೆಸರು ಮಾತ್ರ ಪಟ್ಟಿಯಲ್ಲೇ ಇತ್ತು.

"ಏನು ಹಲ್ಫೋನಾ," ಎಂದು ಸಾಸಿ ಒಂದು ಬೆಳಿಗ್ಗೆ ಕೆಣಕಿದ. "ಊರವರ ಮನೆಗೆಲ್ಲ ಫೋನು ಹೋಗುತ್ತೆ, ನಿನ್ನ ಮಗಳ ಮನೆ ನಂಬರು ಕಳೆದುಹೋಯ್ತಾ?"

"ನೀನು ಮೀನು ಮಾರಪ್ಪಾ. ನನ್ನ ನಂಬರು ನಾನು ನೋಡ್ಕೋತೀನಿ."

ಪಸ್ಕಾ ಹಬ್ಬ ಮುಗಿದ ಮೇಲಿನ ಶನಿವಾರ ಪ್ರಾರ್ಥನೆಯಾದ ಮೇಲೆ ರೋತೆಮ್ ಹೆಂಗಸರು ಕೂರುವ ಮಹಡಿಯಿಂದ ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಹಲ್ಫೋನ್ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತಿದ್ದ.

"ತಾತ, ನನ್ನ ಹೆಸರು ತೆಗೆದುಬಿಡು."

"ಇವತ್ತು ಸಬ್ಬತ್ತು. ಪೆನ್ನು ಮುಟ್ಟೋ ಹಾಗಿಲ್ಲ."

"ಪೆನ್ನು ಯಾಕೆ ಬೇಕು? ನನ್ನ ಹೆಸರು ಬಂದಾಗ ಬಾಯಿ ಮುಚ್ಕೊಂಡ್ರೆ ಸಾಕು."

ಮಾತಿನಲ್ಲಿ ಹುಡುಗಿ ತಾಯಿಯನ್ನೇ ಹೋಲುತ್ತಾಳೆ. ಹಲ್ಫೋನ್ ಕಪಾಟಿನ ಬಾಗಿಲು ಹಾಕಿ ಬೆಂಚಿನ ಮೇಲೆ ಕೂತ. "ಯಾಕೆ? ನಿಂಗೆ ಏನು ತೊಂದರೆ ಆಗ್ತಿದೆ?"

"ನೀನು ನನ್ನ ಹೆಸರು ಹೇಳ್ತಿದ್ದ ಹಾಗೇ ಮೇಲಿರೋ ಹೆಂಗಸರೆಲ್ಲ ತಿರುಗಿ ನೋಡ್ತಾರೆ. ನನ್ನ ಮುಖ ಅಲ್ಲ, ಕಾಲು. ಮುಂದಿನ ತಿಂಗಳು ನಂಗೆ ಹನ್ನೆರಡು ತುಂಬುತ್ತೆ. ಕ್ಲಾಸಲ್ಲಿ ಹನ್ನೆರಡು ತುಂಬಿದ ಹುಡುಗಿಯರ ಮನೇಲೆಲ್ಲ ಬಾತ್ ಮಿಟ್ಸ್ವಾ ಊಟ ಹಾಕಿಸ್ತಿದ್ದಾರೆ. ನಂಗೆ ಮಾತ್ರ ಇಲ್ಲ. ಯಾಕೆ ಅಂದ್ರೆ ನಾನಿನ್ನೂ ರೋಗಿ."

"ಹರಕೆ ಹೊತ್ತಿದಾಳಲ್ಲ ನಿಮ್ಮಮ್ಮ. ನಾನೇನು ಮಾಡ್ಲಿ?"

"ಹರಕೆ ಅವಳದು. ಹೆಸರು ನಂದು," ಎಂದಳು ರೋತೆಮ್. "ಅದು ಇಳಿಯೋವರೆಗೂ ನಾನು ಇಲ್ಲಿಗೆ ಬರಲ್ಲ. ಇದೂ ಹರಕೆಯೇ ಅನ್ಕೋ."

ಹಲ್ಫೋನನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಹೇಳಿದ್ದು ಸರಿಯೆಂದು ಅವನಿಗೆ ಗೊತ್ತಿತ್ತು. ಬೇರೆ ಯಾರ ಮನೆಯ ಹುಡುಗಿಯಾಗಿದ್ದರೂ ಚಳಿಗಾಲದಲ್ಲೇ ಹೆಸರು ತೆಗೆದು ಹಾಕಿ, ಮನೆಯವರಿಗೆ ಎರಡು ಬುದ್ಧಿಮಾತೂ ಹೇಳಿರುತ್ತಿದ್ದ.

ಭಾನುವಾರ ಸಂಜೆ ಮಗಳ ಮನೆಗೆ ಹೋದ. ಗಂಡನಿಂದ ಬೇರೆಯಾಗಿ ಎಂಟು ವರ್ಷವಾದ ಲೆವಾನಾ ಯಾರ ಹಂಗೂ ಇಲ್ಲದೆ ಬದುಕುವ ಹೆಂಗಸು. ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಆಲೂಗೆಡ್ಡೆಯ ಹೋಳುಗಳನ್ನು ಸೀಳಿ ಕೈಮಾ ತುಂಬಿ ಮಫ್ರೂಮ್ ಮಾಡುತ್ತಿದ್ದಳು. ಅಪ್ಪ ಬಾಯಿ ತೆರೆಯುವ ಮೊದಲೇ ಅವಳೇ ಶುರುಮಾಡಿದಳು.

"ನಿನ್ನ ಮೊಮ್ಮಗಳು ಕಳಿಸಿದ್ಳಾ?"

"ನಾನೇ ಬಂದೆ. ಲೆವಾನಾ, ಡಾಕ್ಟರು ಇಷ್ಟೇ ಅಂದಾಯ್ತಲ್ಲಮ್ಮಾ."

"ಡಾಕ್ಟರು ಅನ್ನಲಿ. ಕಣ್ಣು ಬಿಡೋದೂ ಕಷ್ಟ ಅಂದಿದ್ರು ಅವರು."

"ಅವಳು ಚೆನ್ನಾಗಿದಾಳೆ. ಕುಂಟೋದು ರೋಗ ಅಲ್ಲ."

ಲೆವಾನಾ ಚಾಕು ಕೆಳಗಿಟ್ಟಳು. "ಅಪ್ಪಾ, ನೀನು ಪೂರ್ಣ ಗುಣ ಅಂತ ಓದ್ತೀಯಲ್ಲ, ಮುಕ್ಕಾಲು ಗುಣ ಅಂತ ಎಲ್ಲಾದ್ರೂ ಬರೆದಿದೆಯಾ? ಹೆಸರು ಇಳಿಸಿದ್ರೆ ಏನರ್ಥ? 'ಸಾಕು ದೇವರೇ, ಇಷ್ಟಕ್ಕೇ ಬಿಡು' ಅಂತ ನಾನೇ ಕೈ ಮುಗಿದು ಹೇಳಿದ ಹಾಗೆ. ತಾಯಿ ಹಾಗೆ ಹೇಳ್ಬಹುದಾ?"

ಒಳಗಿನ ಕೋಣೆಯಲ್ಲಿ ರೋತೆಮ್ ಬೇಕೆಂದೇ ಟೀವಿ ಶಬ್ದ ಜೋರು ಮಾಡಿದಳು. ಅವನು ಕೊನೆಗೆ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದ, ಅದೂ ನಿಯಮದ ದಾರಿಯೇ. ಹರಕೆ ಹೊತ್ತವರು ಮೂವರು ಗಂಡಸರ ಮುಂದೆ ನಿಂತು ಬಿಡುಗಡೆ ಕೇಳಬಹುದು.

"ನಾಳೆ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಬಾ. ರಬ್ಬಿ, ಸಾಸಿ, ನಾನು ಕೂತಿರ್ತೀವಿ. ಬಿಡುಗಡೆ ಆಗದಿದ್ರೆ ನಾನೂ ಇನ್ನು ಇದರ ಸುದ್ದಿ ಎತ್ತಲ್ಲ."

ಟೀವಿ ಶಬ್ದ ಬರುತ್ತಿದ್ದ ಕೋಣೆಯ ಕಡೆಗೊಮ್ಮೆ ನೋಡಿ ಲೆವಾನಾ ಬಟ್ಟೆಗೆ ಕೈ ಒರೆಸಿಕೊಂಡಳು. "ಬರ್ತೀನಿ. ಆದ್ರೆ ಸುಳ್ಳು ಹೇಳಲ್ಲ."

ಸೋಮವಾರ ಮೂವರೂ ಬೆಂಚಿನ ಮೇಲೆ ಕೂತರು. ಧರ್ಮಗುರು ರಬ್ಬಿ ಪಿನ್ಹಾಸನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ಗಡ್ಡ ಒತ್ತಾಗಿರಲಿಲ್ಲ. ಸಾಸಿ ಅಂಗಡಿಗೆ ಹೊರಟವನು, ಏಪ್ರನ್ ಕಟ್ಟಿಕೊಂಡೇ ಕೂತಿದ್ದ. ಮೀನಿನ ವಾಸನೆಯ ಏಪ್ರನ್ ಆದರೂ ಮೂವರು ಕೂತ ಮೇಲೆ ಅದು ನ್ಯಾಯಪೀಠವೇ. ಲೆವಾನಾ ಎದುರಿಗೆ ನಿಂತು ಹರಕೆಯನ್ನು ಅಕ್ಷರ ಬಿಡದೆ ಹೇಳಿದಳು.

"ಹೊತ್ತಿದ್ದಕ್ಕೆ ಈಗ ಪಶ್ಚಾತ್ತಾಪ ಇದೆಯಾ ಅಕ್ಕಾ?" ಎಂದು ರಬ್ಬಿ ಕೇಳಿದ.

"ಇಲ್ಲ."

ರಬ್ಬಿ ಕೆಮ್ಮಿದ. ಪಶ್ಚಾತ್ತಾಪ, ಇಲ್ಲವೇ 'ಇದು ಗೊತ್ತಿದ್ದರೆ ಹೊರುತ್ತಲೇ ಇರಲಿಲ್ಲ' ಎಂಬ ಮಾತು, ಎರಡರಲ್ಲಿ ಒಂದಿಲ್ಲದೆ ಹರಕೆ ಬಿಡಿಸಲು ಯಾವ ರಬ್ಬಿಗೂ ಸಾಧ್ಯವಿಲ್ಲ. "ಮುಂದೊಂದು ದಿನ ಮಗಳಿಗೆ ಇದರಿಂದ ಮುಜುಗರ ಆಗುತ್ತೆ ಅಂತ ಆವತ್ತೇ ಹೊಳೆದಿದ್ರೆ, ಹೊರ್ತಿದ್ರಾ?"

"ಹೊರ್ತಿದ್ದೆ. ಮುಜುಗರದಿಂದ ಯಾರೂ ಸಾಯಲ್ಲ."

"ಅವಳ ಬಾತ್ ಮಿಟ್ಸ್ವಾ ಔತಣ ತಪ್ಪುತ್ತೆ ಅಂತ?"

"ಆಗಲೂ ಹೊರ್ತಿದ್ದೆ."

"ನಿನ್ನ ಮಗಳೇ ಹಲ್ಫೋನಾ, ಅನುಮಾನವೇ ಬೇಡ," ಎಂದ ಸಾಸಿ.

ರಬ್ಬಿ ಕೈಚೆಲ್ಲಿ ಹಲ್ಫೋನನ ಕಡೆ ನೋಡಿದ. ಹಲ್ಫೋನ್ ಪ್ರಶ್ನೆಯನ್ನೇನೂ ತಯಾರು ಮಾಡಿಕೊಂಡು ಬಂದಿರಲಿಲ್ಲ. ಆಸ್ಪತ್ರೆಯ ಆ ಕಾರಿಡಾರು ಅವನಿಗೆ ನೆನಪಾಗುತ್ತಿತ್ತು, ನೆನಪಾದದ್ದನ್ನೇ ಕೇಳಿದ.

"ಲೆವಾನಾ, ಆವತ್ತು ಬೆಳಿಗ್ಗೆ ಡಾಕ್ಟರು ಹೊರಗೆ ಬಂದು ಏನಂದ್ರು?"

"ಕಾಯೋಣ ಅಂದ್ರು. ನನ್ನ ಮುಖ ನೋಡ್ಲಿಲ್ಲ."

"ನೀನು ಗೋಡೆ ಮೇಲೆ ಕೈ ಇಡೋ ಮುಂಚೆ ಆ ಡಾಕ್ಟರು ವಾಪಸ್ ಬಂದು ಹೀಗೆ ಅಂದಿದ್ರು ಅನ್ಕೋ. 'ಕಣ್ಣು ಬಿಡ್ತಾಳಮ್ಮಾ. ಮಾತಾಡ್ತಾಳೆ, ಶಾಲೆಗೆ ಹೋಗ್ತಾಳೆ, ನಿನ್ನ ಜೊತೆ ದಿನಾ ಜಗಳ ಆಡ್ತಾಳೆ. ಒಂದು ಕಾಲು ಕುಂಟುತ್ತೆ, ಎರಡು ಬೆರಳು ಮಡಚಲ್ಲ.' ಇಷ್ಟು ಅಂದಿದ್ರೆ ನೀನೇನು ಮಾಡ್ತಿದ್ದೆ?"

ಅಂಗಳದಲ್ಲಿ ಯಾರೋ ನಲ್ಲಿ ಬಿಟ್ಟು ಕೈ ತೊಳೆದು ಹೋದರು.

"ಆ ಡಾಕ್ಟರ ಕೈಗೆ ಮುತ್ತು ಕೊಡ್ತಿದ್ದೆ," ಎಂದಳು.

"ಹರಕೆ?"

"ಎಂಥ ಹರಕೆ ಅಪ್ಪಾ? ಕೇಳೋಕೆ ಇನ್ನೇನು ಉಳಿದಿರ್ತಿತ್ತು?"

ಆಡಿದ ಮೇಲೆ ತನ್ನ ಮಾತು ಅವಳ ಕಿವಿಗೇ ಬಿತ್ತು. ನಿಂತೇ ಇರಬೇಕಾದವಳು ಎದುರಿನ ಬೆಂಚಿನ ಮೇಲೆ ಕುಸಿದು ಕೂತು ಅತ್ತಳು. ಆ ಹತ್ತೊಂಬತ್ತು ದಿನವೂ ಅವಳು ಅತ್ತಿರಲಿಲ್ಲ. ರಬ್ಬಿ ಎದ್ದು ನಿಲ್ಲಿ ಎಂದು ಹೇಳಲಿಲ್ಲ. ಸಾಸಿ ಏಪ್ರನ್ನಿನ ತುದಿಯನ್ನೇ ನೋಡುತ್ತ ಕೂತ.

ಬಿಡುಗಡೆಯ ಮಾತನ್ನು ಮೂವರೂ ಒಟ್ಟಿಗೆ ಮೂರು ಸಲ ಹೇಳಬೇಕು. ನಿನಗೆ ಬಿಡುಗಡೆ, ನಿನಗೆ ಬಿಡುಗಡೆ. ಮೂರನೆಯದಕ್ಕೆ ಹಲ್ಫೋನ್ ಮಗಳನ್ನೇ ನೋಡುತ್ತ ಹಿಂದೆ ಬಿದ್ದ. ಸಾಸಿ ಮೊಣಕೈಯಿಂದ ತಿವಿದ ಮೇಲೆ ಅದನ್ನೂ ಹೇಳಿದ.

ಮನೆಗೆ ಹೋಗಿ ಪಟ್ಟಿಯನ್ನು ಹೊಸದಾಗಿ ಬರೆದ. ಇಪ್ಪತ್ತಮೂರು ಇದ್ದದ್ದು ಇಪ್ಪತ್ತೆರಡಾಯಿತು. ಗುರುವಾರದ ಓದು ಹೇಗೋ ಮುಗಿಯಿತು, ಅಂದು ಇದ್ದದ್ದು ಹದಿನೈದು ಜನ.

ಶನಿವಾರ ಸಿನಗಾಗ್ ತುಂಬಿತ್ತು. ಹಲ್ಫೋನ್ ಮೇಜಿನ ಮುಂದೆ ನಿಂತು ಎಂದಿನ ಗತಿಯಲ್ಲೇ ಶುರುಮಾಡಿದ. ಮಸೂದಾಳ ಮಗ ಶಿಮೊನ್, ಅವನ ಹೆಸರಿನ ಹಿಂದೆ ಹದಿಮೂರು ತಿಂಗಳಿಂದ ರೋತೆಮಳ ಹೆಸರು ಬರುತ್ತಿತ್ತು. ಈಗ ಅಲ್ಲಿ ಜೂಲಿಯಾಳ ಮಗಳು ಮಿರಾ ಇದ್ದಾಳೆ. ಆ ಜಾಗ ಬಂದಾಗ ಹಲ್ಫೋನನಿಗೆ ಭಯವಾಯಿತು, ಮುಚ್ಚುಮರೆಯಿಲ್ಲದ ಭಯ. ತಂತಿ ಎಳೆಯುವುದಷ್ಟೇ ತನ್ನ ಕೆಲಸವೆಂದು ಹೇಳಿಕೊಂಡು ಓಡಾಡಿದ ಮನುಷ್ಯ. ಇಷ್ಟು ದಿನ ಹುಡುಗಿಯನ್ನು ಹಿಡಿದು ನಿಲ್ಲಿಸಿದ್ದೇ ತನ್ನ ಬಾಯಿ ಎಂದು ಒಳಗೊಳಗೇ ನಂಬಿದ್ದು ಅವನಿಗೆ ಆಗ ತಿಳಿಯಿತು. ಹೇಳದೆ ಬಿಟ್ಟರೆ ಏನಾದೀತೋ? ಹಿಂದೆ ಜನ ಕೆಮ್ಮಿದರು. ಅವನು ಮಿರಾಳ ಹೆಸರು ಹೇಳಿದ, ಮುಂದಿನದು ಹೇಳಿದ, ಪಟ್ಟಿ ಮುಗಿಸಿ ಇವರೆಲ್ಲರಿಗೂ ಪೂರ್ಣ ಗುಣವಾಗಲಿ ಎಂದ.

ಸಭೆ ಆಮೆನ್ ಎನ್ನುವ ಮೊದಲೇ ಮಹಡಿಯಿಂದ ಒಂದು ಆಮೆನ್ ಬಂತು. ಅವಸರದ, ಎತ್ತರದ ದನಿ. ಉಳಿದವರೆಲ್ಲ ಅದನ್ನು ಹಿಂಬಾಲಿಸಬೇಕಾಯಿತು. ಶಿಮೊನನಿಗಾಗಿ, ಮಿರಾಳಿಗಾಗಿ, ಆ ಇಪ್ಪತ್ತೆರಡು ಜನಕ್ಕಾಗಿ ರೋತೆಮ್ ಬೇಡುತ್ತಿದ್ದಳು.

ಮಹಡಿಯಲ್ಲಿ ಗಲಾಟೆಯಾದಾಗಲೆಲ್ಲ ಮೇಜು ಕುಟ್ಟಿ ಗದರುವುದು ಪಾರುಪತ್ಯಗಾರನ ವಾಡಿಕೆ. ಹಲ್ಫೋನ್ ಕೈಯೆತ್ತಿದ, ಬಾಯಿಯನ್ನೂ ತೆರೆದ. ಅಳು ಬಂದುಬಿಟ್ಟಿತು. ತೋರಾ ಓದುವವನು ಬೆರಳನ್ನು ಸಾಲಿನ ಮೇಲಿಟ್ಟುಕೊಂಡು ಅವನು ಸುಧಾರಿಸಿಕೊಳ್ಳಲಿ ಎಂದು ಕಾಯುತ್ತ ನಿಂತ.