ನಲವತ್ತೊಂದರ ಹಾಜರಿ

ಆ ಮನೆಯಲ್ಲಿ ಮಾತಿಗಿಂತ ಹೊಲಿಗೆ ಯಂತ್ರದ ಸದ್ದೇ ಹೆಚ್ಚು. ಅಮ್ಮ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು. ತುಟಿಯ ನಡುವೆ ಸದಾ ಎರಡು ಗುಂಡುಸೂಜಿ. ಗುಂಡಿಗಳಿಗೆ ಕಾಜಾ ಹಾಕುವ ಚಿಕ್ಕಮ್ಮನ ಬಾಯಲ್ಲಿ ದಾರ. ಕತ್ತರಿ ಬೇಕಾದರೆ ಎರಡು ಬೆರಳು ಆಡಿಸಬೇಕು, ಊಟಕ್ಕೆ ಕರೆಯಲು ಗಲ್ಲ ಎತ್ತಬೇಕು, ಆಗಲಿ ಎನ್ನಲು ತಲೆಯಾಡಿಸಬೇಕು. ಹಾಗೆ ಬೆಳೆದ ಹುಡುಗಿಗೆ ಹದಿನೆಂಟು ತುಂಬಿದರೂ ದನಿ ಗಂಟಲಿನ ಹೊಸ್ತಿಲು ದಾಟಿರಲಿಲ್ಲ. ಪಿಸು ಎಂದೇ ಅವಳನ್ನು ಕರೆಯುತ್ತಿದ್ದರು.

ಅವಳನ್ನು ದೂರದ ವಿಶ್ವವಿದ್ಯಾಲಯಕ್ಕೆ ಸೇರಿಸಿದಾಗ ಚಿಕ್ಕಮ್ಮ ದಾರ ಉಗುಳಿ, "ಅಲ್ಲಿ ಬಾಯಿದ್ದೋರೇ ಬದುಕೋದು ಕಣೇ, ನೋಡ್ಕೋ" ಎಂದಿದ್ದಳು. ಪಿಸು ಅದಕ್ಕೂ ತಲೆಯಾಡಿಸಿದ್ದಳು.

ಅಲ್ಲಿ ಒಂದೊಂದು ತರಗತಿಗೂ ನೂರಿಪ್ಪತ್ತು ಜನ. ಹೆಸರಿಲ್ಲ, ನಂಬರು. ಸಂಖ್ಯಾಶಾಸ್ತ್ರದ ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಮೂಗು ಇಟ್ಟರೆ ಕೊನೆಯ ನಂಬರಿನ ತನಕ ಎತ್ತುವವರಲ್ಲ. ಅವರು "ನಲವತ್ತೊಂದು" ಎಂದಾಗಲೆಲ್ಲ ಪಿಸು ತಲೆಯಾಡಿಸುತ್ತಿದ್ದಳು. ಮನೆಯಲ್ಲಾದರೆ ಅಷ್ಟು ಸಾಕಿತ್ತು. ಇಲ್ಲಿ ಒಂಬತ್ತು ದಿನ ಬೆಂಚಿನ ಮೇಲೆ ಕೂತೇ ಗೈರುಹಾಜರಾದಳು.

ಹತ್ತನೆಯ ದಿನ ಪಕ್ಕದ ಹುಡುಗಿ ಅವಳ ಪಕ್ಕೆಗೆ ತಿವಿದಳು. ಎಲ್ಲರೂ ಗಿಣಿ ಎನ್ನುತ್ತಿದ್ದ ವಾಚಾಳಿ.

"ಏಯ್, ನಲವತ್ತೊಂದು ನೀನಲ್ವಾ? ತಲೆ ಆಡಿಸಿದ್ರೆ ಅವ್ರಿಗೆ ಕಾಣುತ್ತಾ? ಅವ್ರ ಬೋಳು ನೆತ್ತಿ ಮೇಲೇನು ಕಣ್ಣಿದ್ಯಾ?"

ಪಿಸು ಬಾಯಿಗೆ ಸೆರಗಿನ ಬದಲು ಪುಸ್ತಕ ಅಡ್ಡ ಹಿಡಿದು ನಕ್ಕಳು.

"ಬಿಡು, ನಾನೇ ಕೂಗ್ತೀನಿ. ನನ್ನ ಬಾಯಿಗೆ ಹೇಗೂ ಬೀಗ ಇಲ್ಲ."

ಅಂದಿನಿಂದ ನಲವತ್ತೊಂದಕ್ಕೆ ಗಿಣಿ ಸಣ್ಣ ದನಿ ತೆಗೆಯುವಳು, ತನ್ನ ಅರವತ್ತೇಳಕ್ಕೆ ದಪ್ಪ ದನಿ. ಇಬ್ಬರೂ ಬೆಂಚಿನಡಿ ಕಾಲು ತುಳಿದುಕೊಂಡು ನಗು ನುಂಗುವರು. ಗಿಣಿಯ ಚೀಲದ ಪಟ್ಟಿ ಹರಿದಾಗ ಪಿಸು ಅದಕ್ಕೆ ಎರಡು ಸುತ್ತು ಹೊಲಿಗೆ ಹಾಕಿಕೊಟ್ಟಳು. ಗಿಣಿ ಅದನ್ನು ಎಳೆದೆಳೆದು ನೋಡಿ, "ನನ್ನ ಮಾತನ್ನ ಕೊನೇ ತನಕ ಕೇಳಿದೋಳು ನೀನೊಬ್ಬಳೇ ಕಣೇ" ಎಂದಳು. ಆ ಒಂದು ಮಾತಿಗಾಗಿ ಪಿಸು ಮೂರು ವರ್ಷವಲ್ಲ, ಮೂವತ್ತು ವರ್ಷ ಬೇಕಾದರೂ ಅಲ್ಲಿರುತ್ತಿದ್ದಳು. ಪರೀಕ್ಷೆ ಪಾಸಾಗುವುದು ಎರಡನೆಯ ಮಾತು. ಗಿಣಿ ಪಕ್ಕದಲ್ಲಿರಬೇಕು, ಅಷ್ಟೇ.

ಐದನೆಯ ತಿಂಗಳಲ್ಲಿ, ಬಾರದವರ ಹಾಜರಿಯನ್ನು ಬೇರೆಯವರು ಕೂಗುತ್ತಾರೆಂಬ ದೂರು ಎದ್ದಿತು. ಆ ದಿನ ಮೇಷ್ಟ್ರು ಪ್ರತಿ ನಂಬರಿಗೂ ಪುಸ್ತಕದಿಂದ ಮೂಗು ಎತ್ತಿದರು.

"ಅರವತ್ತೇಳು, ಎದ್ದೇಳು. ನಲವತ್ತೊಂದೂ ನೀನೇ, ಅರವತ್ತೇಳೂ ನೀನೇ. ಇನ್ನೂ ಎಷ್ಟು ಜನ ಇದಾರಮ್ಮ ಹೊಟ್ಟೆ ಒಳಗೆ?"

ತರಗತಿ ಹೋ ಎಂದಿತು.

"ಸರ್, ಅವಳು ಬಂದಿದಾಳೆ ಸರ್. ಇವಳೇ ಸರ್."

"ಪಕ್ಕ ಕೂತೋರನ್ನ ತೋರಿಸಿ ಕಥೆ ಕಟ್ಟಬೇಡ." ಮೇಷ್ಟ್ರು ಪಿಸುವಿನತ್ತ ತಿರುಗಿದರು. "ಏನಮ್ಮ, ನಲವತ್ತೊಂದು ನೀನೇನಾ? ಬಾಯಿಬಿಟ್ಟು ಹೇಳು."

ನೂರಿಪ್ಪತ್ತು ಮುಖಗಳು ತಿರುಗಿದವು. "ಹೌದು" ಎಂದರೆ ಮುಗಿದಿತ್ತು. ಪಿಸು ತಲೆಯನ್ನೂ ಆಡಿಸದೆ ನೆಲ ನೋಡಿದಳು. ಗಿಣಿ ಮೆಲ್ಲಗೆ, "ಹೇಳೇ" ಎಂದಳು. ಮತ್ತೊಮ್ಮೆ, "ಹೇಳೇ, ದಮ್ಮಯ್ಯ" ಎಂದಳು. ಪಿಸು ನೆಲವನ್ನೇ ನೋಡುತ್ತಿದ್ದಳು.

"ಸಿಕ್ತಲ್ಲ ಉತ್ತರ" ಎಂದರು ಮೇಷ್ಟ್ರು. ಅರವತ್ತೇಳರ ಹಾಜರಿ ಪೂರ್ತಿ ರದ್ದು, ಪರೀಕ್ಷೆಗೆ ಕೂರುವಂತಿಲ್ಲ. ಗಿಣಿ ಚೀಲ ತೆಗೆದುಕೊಂಡು ಹೊರನಡೆದಳು.

ಪಿಸು ಮೂರು ದಿನ ಅನ್ನ ನೀರು ಕಾಣದವಳಂತೆ ಓಡಾಡಿದಳು. ನಾಲ್ಕು ಪುಟ ಬರೆದು ಕಚೇರಿಗೆ ಒಯ್ದರೆ, ಗುಮಾಸ್ತ ಅದನ್ನು ಮಡಚಿ ವಾಪಸು ಕೊಟ್ಟ. "ಕಾಗದಕ್ಕೆ ಬಾಯಿಲ್ಲ ತಾಯಿ. ಮೇಷ್ಟ್ರ ಹತ್ರ ನೀನೇ ಹೇಳು." ಮೇಷ್ಟ್ರ ಬಾಗಿಲ ತನಕ ಎರಡು ಸಲ ಹೋಗಿ ತಿರುಗಿ ಬಂದಳು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಒಳಗೆ ನುಗ್ಗಿ, ತನಗೇ ಗುರುತು ಸಿಗದಷ್ಟು ಜೋರಾಗಿ, "ನಲವತ್ತೊಂದು ನಾನು ಸರ್. ದಿನಾ ಬಂದಿದೀನಿ. ಅವಳು ಹೇಳಿದ್ದು ಸುಳ್ಳಲ್ಲ" ಎಂದಳು.

ಮೇಷ್ಟ್ರು ಕನ್ನಡಕ ತೆಗೆದರು. "ಇಷ್ಟೇ ಮಾತು ಅವತ್ತು ಆಡಿದ್ರೆ ಏನಾಗ್ತಿತ್ತಮ್ಮ?" ಎಂದು, ರದ್ದು ಎಂದು ಬರೆದದ್ದನ್ನು ಹೊಡೆದುಹಾಕಿ ಸಹಿ ಮಾಡಿದರು.

ಪಿಸು ಹಾಸ್ಟೆಲಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಗಿಣಿ ತನ್ನ ಕೋಣೆಯಲ್ಲಿ ಬಕೆಟ್ಟಿಗೆ ಬಟ್ಟೆ ತುಂಬುತ್ತಿದ್ದಳು.

"ಕೇಳ್ದೆ. ಒಳ್ಳೇದಾಯ್ತು" ಎಂದಳು, ತಿರುಗದೆ.

"ತಪ್ಪಾಯ್ತು ಗಿಣಿ. ನಂಗೆ ಆ ಹೊತ್ತಲ್ಲಿ..."

"ನೀನು ಕೆಟ್ಟೋಳಲ್ಲ. ಅದು ನಂಗೊತ್ತು." ಗಿಣಿ ಒಂದು ಅಂಗಿಯನ್ನು ಹಿಂಡಿ ಒಳಗಿಟ್ಟಳು, ಅದು ಇನ್ನೂ ನೆನೆದೇ ಇರಲಿಲ್ಲ. "ಆದ್ರೆ ನಿನ್ನ ಪಕ್ಕ ಕೂರೋಕೆ ನಂಗಿನ್ನು ಭಯ ಕಣೇ. ಮತ್ತೊಮ್ಮೆ ನಾನು ಬಿದ್ರೂ ನೀನು ನೆಲಾನೇ ನೋಡ್ತೀಯೇನೋ ಅಂತ."

"ನೋಡಲ್ಲ. ಆಣೆ."

"ಇರಬಹುದು. ನಂಬೋಕೆ ಆಗ್ತಿಲ್ಲ. ನಲ್ಲಿ ನಿಂತೋಗುತ್ತೆ, ಬರ್ತೀನಿ."

ಪಿಸುವಿಗೆ ಆಗ ಹೇಳಲು ಬೇಕಾದಷ್ಟಿತ್ತು, ದನಿಯೂ ಇತ್ತು. ಕೇಳುವವಳು ಬಕೆಟ್ಟು ಎತ್ತಿಕೊಂಡು ಹೋಗಿಯಾಗಿತ್ತು. ಸ್ವಲ್ಪ ಹೊತ್ತಿಗೆ ಕೆಳಗೆ ನಲ್ಲಿಯ ಬಳಿ ಗಿಣಿ ಇನ್ಯಾರೊಂದಿಗೋ ಹರಟುತ್ತ ನಗುವುದು ಕೇಳಿಸಿತು. ಪಿಸು ನಲ್ಲಿಯ ಮುಂದೆ ಹಾದುಹೋಗದಂತೆ ಹಿಂದಿನ ಮೆಟ್ಟಿಲು ಹಿಡಿದು ಇಳಿದಳು.