ಒಂದು ಹತ್ತಕ್ಕೆ ಕೈ ಎತ್ತಿದವರು

ಆ ಊರಿನಲ್ಲಿ ದಿನಾ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಗಣಿಯ ಸೈರನ್ ಕೂಗುತ್ತದೆ. ಮೂರು ನಿಮಿಷ ಬಿಟ್ಟು ಬಂಡೆ ಸಿಡಿಯುತ್ತದೆ. ಆ ಮೂರು ನಿಮಿಷ ಊರಿನಲ್ಲಿ ಯಾರ ಕೈಯೂ ಖಾಲಿ ಇರುವುದಿಲ್ಲ. ಮನೆಯಲ್ಲಿದ್ದವರು ಪಾತ್ರೆಯ ಕಪಾಟು ಹಿಡಿಯುತ್ತಾರೆ. ಔಷಧಿ ಅಂಗಡಿಯವನು ಸೀಸೆಗಳಿಗೆ ಎದೆಯೊಡ್ಡಿ ನಿಲ್ಲುತ್ತಾನೆ. ಕ್ಷೌರಿಕ ಕತ್ತಿ ಕೆಳಗಿಟ್ಟು ಕನ್ನಡಿಯನ್ನು ಅಪ್ಪಿಕೊಂಡರೆ, ಅರ್ಧ ಗಡ್ಡದ ಗಿರಾಕಿ ಕುರ್ಚಿಯನ್ನು ಅಪ್ಪಿಕೊಳ್ಳುತ್ತಾನೆ. ನೋಡಿ ನಗುವ ಹೊಸಬರು ಒಂದೇ ವಾರದಲ್ಲಿ ತಾವೂ ಏನಾದರೊಂದನ್ನು ಹಿಡಿಯಲು ಕಲಿಯುತ್ತಾರೆ.

ಟೈಪು ಚಿಕ್ಕಮ್ಮ ಹಿಡಿಯುತ್ತಿದ್ದದ್ದು ತನ್ನ ಟೈಪ್‌ರೈಟರನ್ನು. ಕಚೇರಿಯೆದುರಿನ ಹತ್ತಡಿ ಅಂಗಡಿಯಲ್ಲಿ ಕೂತು ಇಪ್ಪತ್ತಾರು ವರ್ಷ ಊರವರ ಅರ್ಜಿ, ತಕರಾರು, ಕ್ಷಮಾಪಣೆ ಎಲ್ಲವನ್ನೂ ಹೊಡೆದುಕೊಟ್ಟವಳು. ಅಕ್ಕನ ಮಕ್ಕಳು ಚಿಕ್ಕಮ್ಮ ಎಂದರೆಂದು ಊರೂ ಚಿಕ್ಕಮ್ಮ ಎಂದಿತು. ಹಲ್ಲಿಲ್ಲದ ಮುದುಕರೂ ಹಾಗೇ ಕರೆಯುತ್ತಿದ್ದರು. ಏನು ಹೊಡೆದರೂ ಕೊನೆಯಲ್ಲಿ ಗಂಟೆ ನಿಮಿಷ ಹಾಕಬೇಕು, ಒಂದು ಕಾರ್ಬನ್ ಪ್ರತಿ ತೆಗೆದಿಡಬೇಕು. ಅದು ಅವಳ ಚಟ.

ಹೋದ ವರ್ಷ ಗಣಿಯನ್ನು ಮೂರನೇ ಓಣಿಯ ತನಕ ಅಗಲಿಸುವ ಬಗ್ಗೆ ಸಾರ್ವಜನಿಕ ಸಭೆ ನಡೆದಾಗ ನಡಾವಳಿ ಹೊಡೆಯಲು ಕೂತವಳೂ ಅವಳೇ. ಮೂರನೇ ಓಣಿಯಲ್ಲೇ ಅಕ್ಕ ಭಾವನ ಮನೆ. ಬೇಡ ಎನ್ನಲೆಂದೇ ಊರು ಬಂದು ಕೂತಿತ್ತು. ಆದರೆ ಭಾಷಣಗಳು ಹನುಮಂತನ ಬಾಲದಂತೆ ಬೆಳೆದವು. ಊಟದ ಅವಸರದಲ್ಲಿ ಅಧಿಕಾರಿ "ಆಕ್ಷೇಪ ಇರೋರು ಕೈ ಎತ್ತಿ" ಎನ್ನುವುದಕ್ಕೂ ಸೈರನ್ ಕೂಗುವುದಕ್ಕೂ ಸರಿಹೋಯಿತು. ಅಷ್ಟೂ ಕೈಗಳು ಮೇಜು, ಲೋಟ, ಕಿಟಕಿಗಳನ್ನು ಹಿಡಿದುಕೊಂಡವು. ಅಧಿಕಾರಿ ಒಮ್ಮೆ ಕಣ್ಣಾಡಿಸಿ, "ಯಾರೂ ಇಲ್ಲ, ಬರ್ಕೊಳ್ಳಿ" ಎಂದು ಎದ್ದರು. ಬಂಡೆ ಸಿಡಿದು ಜನ ಕೈಬಿಡುವ ಹೊತ್ತಿಗೆ ಅವರ ಕಾರು ಹೊರಟಾಗಿತ್ತು.

ಚಿಕ್ಕಮ್ಮ ಹೊಡೆದಳು: ಆಕ್ಷೇಪಣೆ ಇರುವವರು ಕೈ ಎತ್ತಲು ಕೋರಲಾಯಿತು, ಯಾರೂ ಎತ್ತಲಿಲ್ಲ, ಸಮಯ 1.10. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸೈರನ್ ಬಗ್ಗೆ ಮಾತ್ರ ಒಂದಕ್ಷರ ಹೊಡೆಯಲಿಲ್ಲ. ದಿನಾ ಕೂಗುವುದನ್ನು ಯಾರಾದರೂ ಬರೆಯುತ್ತಾರೆಯೇ?

ಎಂಟು ತಿಂಗಳಿಗೆ ಅಕ್ಕನ ಮನೆಗೆ ನೋಟಿಸು ಬಂತು. ಅದರ ಬೆನ್ನಿಗೇ ಕಚೇರಿಯಲ್ಲಿ ಒಂದು ಕಿರುಪುಸ್ತಕ ಹಂಚಿದರು. ಗಣಿ ಕಾನೂನನ್ನೇ ತಿದ್ದುತ್ತಾರಂತೆ. ಊರವರ ಒಪ್ಪಿಗೆಯಿಲ್ಲದೆ ಗಣಿ ಮುಂದೆ ಬರಬಾರದು ಎಂಬ ಸಾಲು ಹಳೆಯ ಕಾನೂನಿನಲ್ಲಿತ್ತು. ಹೊಸ ಕರಡಿನಲ್ಲಿ ಅದನ್ನು ಕಿತ್ತುಹಾಕಿ, ಸಭೆ ಕರೆದರೆ ಸಾಕು ಎಂದು ಬರೆದಿದ್ದರು. ಜನರೇ ಆಕ್ಷೇಪಿಸದಿರುವಾಗ ಒಪ್ಪಿಗೆಯ ಗೊಡವೆ ಏಕೆ ಎಂದು ಕೆಳಗೆ ಸಮರ್ಥನೆ, ಅದಕ್ಕೊಂದು ಪುರಾವೆ, ಒಂದು ನಡಾವಳಿಯ ಚಿತ್ರ. ಅದರಲ್ಲಿ "ಕ" ಅಕ್ಷರ ಎಲ್ಲ ಕಡೆಯೂ ಸಾಲಿಗಿಂತ ಕೂದಲೆಳೆ ಮೇಲಿತ್ತು. ಚಿಕ್ಕಮ್ಮ ಪುಟವನ್ನು ಕಣ್ಣಿನ ಹತ್ತಿರ ಹಿಡಿದಳು. ಆ ಕ ಅವಳ ಯಂತ್ರದ್ದು, ನಡಾವಳಿ ಹೋದ ವರ್ಷದ ಸಭೆಯದು.

ಪುಸ್ತಕ ಹಿಡಿದು ನೇರ ಅಕ್ಕನ ಮನೆಗೆ ಹೋದಳು. "ನೀನ್ಯಾಕೆ ಕೈ ಎತ್ತಲಿಲ್ಲ?" ಎಂದು ಬಾಗಿಲಲ್ಲೇ ಕೇಳಿದಳು.

"ಎಲ್ಲಿಂದ ಎತ್ತಲಿ? ಎರಡು ಕೈಲೂ ಲೋಟ ಹಿಡ್ಕೊಂಡಿದ್ದೆ," ಎಂದಳು ಅಕ್ಕ. "ನೀನು ಎತ್ತಿದ್ಯಾ?"

ಚಿಕ್ಕಮ್ಮ ಪುಸ್ತಕವನ್ನು ಅಕ್ಕನ ಕೈಗಿಟ್ಟಳು. ಭಾವ ಮೂವತ್ತು ವರ್ಷ ಗಣಿಯಲ್ಲಿ ಕೊರೆಯುವ ಯಂತ್ರ ನಡೆಸಿ ಕಿವಿ ಕಳೆದುಕೊಂಡವರು. ಸೈರನ್ ಕೇಳದಿದ್ದರೂ ಹೆಂಡತಿಯ ಕೈ ನೋಡಿ ತಾವೂ ಏನಾದರೂ ಹಿಡಿಯುತ್ತಿದ್ದರು. ಈಗ ಇಬ್ಬರ ಮುಖವನ್ನೂ ನೋಡಿ, "ಯಾರು ಹೋದ್ರು?" ಎಂದು ಕೇಳಿದರು.

"ಇನ್ನೂ ಯಾರೂ ಹೋಗಿಲ್ಲ ಭಾವ!" ಎಂದು ಚಿಕ್ಕಮ್ಮ ಕೂಗಿದಳು.

ಕಾನೂನು ತಿದ್ದುವ ಸಮಿತಿ ಮುಂದಿನ ತಿಂಗಳು ಇದೇ ಊರಿಗೆ ಬರಲಿತ್ತು. ಆಕ್ಷೇಪಣೆ ಕೇಳುವ ಹೊತ್ತು ಒಂದು ಐದರಿಂದ ಒಂದು ಹದಿನೈದು, ಆಮೇಲೆ ಊಟ. ಹೊತ್ತು ಬದಲಿಸಿ ಎಂದು ಚಿಕ್ಕಮ್ಮ ಅರ್ಜಿ ಹೊಡೆದಳು. ಕಾರ್ಯಕ್ರಮ ಮುದ್ರಣವಾಗಿದೆ, ಬದಲಿಸಲಾಗದು ಎಂದು ಉತ್ತರ ಬಂತು. ಸೈರನ್ ಹೊತ್ತು ಬದಲಿಸಿ ಎಂದು ಗಣಿಗೆ ಹೊಡೆದಳು. ಉತ್ತರವೇ ಬರಲಿಲ್ಲ.

"ಅವರು ಹೊತ್ತು ಬದಲಾಯಿಸಲ್ಲ ಅಂದ್ರೆ ನಾವು ಕೈ ಬದಲಾಯಿಸೋಣ," ಎಂದಳು ಚಿಕ್ಕಮ್ಮ.

ಓಣಿ ಓಣಿ ಸುತ್ತಿದಳು. ಸೈರನ್ ಕೂಗಿದ ಕೂಡಲೇ ಏನನ್ನೂ ಹಿಡಿಯಬಾರದು, ಎರಡೂ ಕೈ ಮೇಲೆತ್ತಬೇಕು, ಮನೆಯಲ್ಲೇ ದಿನಾ ಅಭ್ಯಾಸ ಮಾಡಿ ಎಂದಳು. ಮೊದಲ ವಾರವೇ ಊರಿನ ಪಿಂಗಾಣಿ ಅರ್ಧಕ್ಕರ್ಧ ಹೋಯಿತು. "ನಿನ್ನ ಕಾನೂನು ಉಳಿಯೋದ್ರೊಳಗೆ ನನ್ನ ಅಡುಗೆಮನೆ ಉಳಿಯಲ್ಲ," ಎಂದು ಒಬ್ಬಳು ಚೂರುಗಳನ್ನು ತಂದು ಅಂಗಡಿಯ ಮುಂದೆ ಸುರಿದಳು. ಕ್ಷೌರಿಕ ಮಾತ್ರ ಕನ್ನಡಿ ಬಿಡಲು ಸುತರಾಂ ಒಪ್ಪಲಿಲ್ಲ. ಅಕ್ಕನಂತೂ ಒಂದು ದಿನವೂ ಗೆಲ್ಲಲಿಲ್ಲ. ಸೈರನ್ ಕೂಗಿದರೆ ಅವಳ ಕೈ ತಾನಾಗಿ ಕಪಾಟಿಗೆ ಹೋಗುತ್ತಿತ್ತು. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣೇ," ಎಂದು ಅತ್ತೇಬಿಟ್ಟಳು.

"ಮನೆಯೇ ಹೋದ್ಮೇಲೆ ಕಪಾಟು ಹಿಡ್ಕೊಂಡು ಎಲ್ಲಿ ನಿಲ್ತೀಯ?" ಎಂದು ಚಿಕ್ಕಮ್ಮ ಗದರಿದಳು. ಆಮೇಲೆ ಅಕ್ಕನ ಪಕ್ಕ ಕೂತು ತಾನೂ ಅತ್ತಳು.

ಸಭೆಯ ದಿನ ಬಂತು. ಊರಲ್ಲಿ ಟೈಪು ಬರುವವಳು ಅವಳೊಬ್ಬಳೇ ಆದ್ದರಿಂದ ಸಮಿತಿಯೂ ಅವಳನ್ನೇ ಕೂರಿಸಿತು. ಸಭಾಂಗಣ ತುಂಬಿ ಜನ ಗೋಡೆಗೊರಗಿ ನಿಂತಿದ್ದರು. ಅವಳ ಮೇಜಿನ ಒಂದು ಕಾಲು ಗಿಡ್ಡ, ಯಂತ್ರವಿಟ್ಟರೆ ಅಂಚಿನ ಕಡೆಗೆ ಜಾರುವಂಥದ್ದು. ಎದುರಿನ ಸಾಲಿನಲ್ಲಿ ಅಕ್ಕ, ಪಕ್ಕದಲ್ಲಿ ಭಾವ. "ನೀವು ಯಾರ ಕೈನೂ ನೋಡ್ಬೇಡಿ, ನನ್ನ ಕೈ ನೋಡಿ," ಎಂದು ಚಿಕ್ಕಮ್ಮ ಬೆಳಿಗ್ಗೆಯೇ ಭಾವನ ಕಿವಿಯಲ್ಲಿ ಕೂಗಿ ಹೇಳಿದ್ದಳು.

ಒಂದು ಗಂಟೆ ಒಂಬತ್ತು ನಿಮಿಷಕ್ಕೆ ಸಮಿತಿಯ ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡರು. ಒಪ್ಪಿಗೆಯ ಸಾಲು ತೆಗೆಯುವುದನ್ನು ಓದಿ ಹೇಳಿ, "ಇದಕ್ಕೆ ಆಕ್ಷೇಪ ಇರೋರು ದಯವಿಟ್ಟು ಕೈ ಎತ್ತಿ," ಎಂದರು.

ಸೈರನ್ ಕೂಗಿತು.

ಮುನ್ನೂರು ಕೈಗಳು ಕುರ್ಚಿ, ಕಿಟಕಿ, ಲೋಟ ಹಿಡಿದುಕೊಂಡವು. ಅಷ್ಟು ದಿನದ ಅಭ್ಯಾಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅಯ್ಯೋ ಕೆಟ್ಟೆವು ಎಂದುಕೊಂಡ ಚಿಕ್ಕಮ್ಮ ತನ್ನ ಕೈ ನೋಡಿಕೊಂಡಳು. ಅವೂ ಯಂತ್ರವನ್ನು ಬಿಗಿಯಾಗಿ ಹಿಡಿದಿದ್ದವು. ತಲೆಯೆತ್ತಿದರೆ, ಇಡೀ ಸಭೆಯಲ್ಲಿ ಭಾವ ಒಬ್ಬರೇ ಏನನ್ನೂ ಹಿಡಿಯದೆ, ಖಾಲಿ ಕೈಗಳನ್ನು ತೊಡೆಯ ಮೇಲಿಟ್ಟು, ಅವಳ ಕೈಯನ್ನೇ ನೋಡುತ್ತ ಕೂತಿದ್ದರು.

ಅವಳಿಗೆ ನಾಚಿಕೆಯಾಯಿತು. ಊರಿಗೆಲ್ಲ ಹೇಳಿದವಳು ತಾನು.

ಯಂತ್ರವನ್ನು ಬಿಟ್ಟಳು. ಎರಡೂ ಕೈ ಎತ್ತಿದಳು. ಮರುಗಳಿಗೆಯೇ ಭಾವ ಎತ್ತಿದರು. ಗಂಡನ ಕೈ ನೋಡಿದ ಅಕ್ಕ ಮಡಿಲಿನ ಲೋಟ ಬಿಟ್ಟಳು; ಅದು ಉರುಳಿ ಒಡೆದ ಸದ್ದಿಗೆ ಹಿಂದಿನ ಸಾಲು ಎತ್ತಿತು, ಅದರ ಹಿಂದಿನದು ಎತ್ತಿತು, ಗೋಡೆಗೊರಗಿದವರು ಎತ್ತಿದರು. ಕ್ಷೌರಿಕನೂ ಎತ್ತಿದ.

"ಎಣಿಸಿ ಸರ್," ಎಂದಳು ಚಿಕ್ಕಮ್ಮ.

"ಟೈಪ್ ಮಾಡೋರು ಮಾತಾಡೋ ಹಾಗಿಲ್ಲ," ಎಂದರು ಅಧ್ಯಕ್ಷರು.

"ಮಾತಾಡಲ್ಲ. ನೀವು ಎಣಿಸಿ."

ಅಧ್ಯಕ್ಷರು ಎಣಿಸತೊಡಗಿದರು. ಮೂರು ನಿಮಿಷ ಒಂದು ಕೈಯೂ ಇಳಿಯಲಿಲ್ಲ. ನೂರ ಮೂವತ್ತನೆಯವರ ಹತ್ತಿರ ಬಂದಾಗ ಬಂಡೆ ಸಿಡಿಯಿತು. ನೆಲ ನಡುಗಿತು, ಗಾರೆ ಉದುರಿತು, ಲೋಟಗಳು ಸಾಲಾಗಿ ಬಿದ್ದು ಒಡೆದವು. ಟೈಪ್‌ರೈಟರು ಮೇಜಿನಂಚಿಗೆ ಜಾರಿತು. ಇಪ್ಪತ್ತಾರು ವರ್ಷದ ಅನ್ನ ಅದು. ಆದರೂ ಅವಳ ಕೈ ಇಳಿಯಲಿಲ್ಲ. ಯಂತ್ರ ಧಡಾರನೆ ನೆಲಕ್ಕೆ ಬಿತ್ತು. ಈ ಊರನ್ನು ಎಂದೂ ಕಂಡಿರದ ಅಧ್ಯಕ್ಷರು ಮುಂದಿದ್ದ ಗಾಜಿನ ಜಗ್ಗನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು, ಉಳಿದವರನ್ನು ಹಾಗೆಯೇ ಎಣಿಸಿ ಮುಗಿಸಿದರು.

ಚಿಕ್ಕಮ್ಮ ಯಂತ್ರವನ್ನು ಎತ್ತಿಟ್ಟುಕೊಂಡಳು. ಸಾಲಿನ ಕೊನೆಗೆ ಬಡಿಯುವ ಗಂಟೆ ಮುರಿದಿತ್ತು, ಎರಡು ಕೀಲಿ ಸೊಟ್ಟಗಾಗಿದ್ದವು. ಹೇಗೋ ನೆಟ್ಟಗೆ ಮಾಡಿ ನಡಾವಳಿ ಹೊಡೆದು ಅಧ್ಯಕ್ಷರ ಮುಂದಿಟ್ಟಳು. ಅವರು ಓದಿದರು:

"ಆಕ್ಷೇಪಣೆ ಇರುವವರು ಕೈ ಎತ್ತಲು ಕೋರಲಾಯಿತು. ಆಗ ಗಣಿಯ ಸೈರನ್ ಕೂಗಿತು. ಇದು ದಿನಾ ಕೂಗುತ್ತದೆ, ಹೋದ ವರ್ಷದ ಸಭೆಯಲ್ಲೂ ಕೂಗಿತ್ತು. ಕೈ ಎತ್ತಿದವರು ನೂರ ಐವತ್ತೊಂದು. ಬಂಡೆ ಸಿಡಿದಾಗಲೂ ಇಳಿಸಲಿಲ್ಲ. ಕೈ ಎತ್ತದವರು ಅಧ್ಯಕ್ಷರು ಮಾತ್ರ, ಅವರು ಜಗ್ಗು ಹಿಡಿದುಕೊಂಡಿದ್ದರು. ಸಮಯ 1.10ರಿಂದ 1.14."

"ಜಗ್ಗಿನ ವಿಷಯ ಬೇಕಿತ್ತೇನಮ್ಮಾ?" ಎಂದರು ಅಧ್ಯಕ್ಷರು. ದನಿಯಲ್ಲಿ ಕೋಪವಿರಲಿಲ್ಲ.

"ಹೋದ ಸಲ ಒಂದು ಸಣ್ಣ ವಿಷಯ ಬಿಟ್ಟೆ ಸರ್. ಅದಕ್ಕೇ ನಮ್ಮಕ್ಕನ ಮನೆ ಹೋಗ್ತಾ ಇದೆ," ಎಂದಳು ಚಿಕ್ಕಮ್ಮ. "ಈ ಸಲ ಏನೂ ಬಿಡಲ್ಲ."

ಅಧ್ಯಕ್ಷರು ಹಾಳೆಯನ್ನು ಇನ್ನೊಮ್ಮೆ ಓದಿದರು. ಒಡೆದ ಲೋಟಗಳನ್ನು ನೋಡಿದರು. ಆಮೇಲೆ ಪೆನ್ನು ತೆಗೆದು ಸಹಿ ಹಾಕಿದರು. ಚಿಕ್ಕಮ್ಮ ಕಾರ್ಬನ್ ಪ್ರತಿಯನ್ನೂ ಮುಂದೆ ಚಾಚಿದಳು.

"ಇದಕ್ಕೂ ಹಾಕಿ ಸರ್."